ರೊಟ್ಟಿ ಮನೆಯದು, ದೋಸೆ ಬೀದಿಯದು

ದಾವಣಗೆರೆಯಲ್ಲಿ ಮನೆ ಮಾಡಿಕೊಂಡವರನ್ನು ಹೊರಗಿನ ಊರಿನ ನೆಂಟರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಬೆಣ್ಣೆದೋಸೆ ಮನೇಲೇ ಮಾಡ್ತೀರೋ, ಹೋಟೆಲಿನಿಂದ ತರಿಸ್ತೀರೋ?" ಎರಡೂ ಇಲ್ಲ, ಹೋಟೆಲಿಗೇ ಹೋಗಿ ತಿಂದು ಬರುತ್ತೇವೆ ಎಂದರೆ ಅವರಿಗೆ ಅಷ್ಟೇನೂ ಸಮಾಧಾನವಾಗುವುದಿಲ್ಲ. ಇಷ್ಟು ಹೆಸರಾದ ತಿಂಡಿ ಊರಿನ ಪ್ರತಿ ಅಡುಗೆಮನೆಯಲ್ಲೂ ಆಗುತ್ತಿರಬೇಕು ಎಂಬುದು ಅವರ ಊಹೆ. ನಾನು ಅಡುಗೆಯನ್ನು ಇಷ್ಟಪಟ್ಟು ಮಾಡುವವಳು, ಹೊಸದನ್ನು ಮಾಡಿ ನೋಡಲು ಹಿಂಜರಿಯುವವಳೂ ಅಲ್ಲ. ಆದರೂ ಈ ಊರಿನಲ್ಲಿ ಸಂಸಾರ ಹೂಡಿದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯವೆಂದರೆ, ನಮ್ಮ ಭಾಗದ ಅಚ್ಚುಮೆಚ್ಚಿನ ತಿನಿಸುಗಳಲ್ಲಿ ಕೆಲವು ಬೀದಿಗೆ ಸೇರಿದವು, ಕೆಲವು ಮನೆಗೆ ಸೇರಿದವು, ಮತ್ತು ಯಾವುದು ಎಲ್ಲಿಗೆ ಸೇರಬೇಕೆಂಬುದನ್ನು ಒಲೆಯೇ ತೀರ್ಮಾನಿಸಿಬಿಡುತ್ತದೆ. ಬಿಡುವಿಲ್ಲದೆ ಉರಿಯುವ ದೊಡ್ಡ ಬೆಂಕಿ ಬೇಕಾದದ್ದು ಹೋಟೆಲಿನಲ್ಲಿ ಚೆನ್ನಾಗಿ ಆಗುತ್ತದೆ. ಪಕ್ಕದಲ್ಲೇ ನಿಂತು ಕಾಯುವ ಒಬ್ಬರ ಕೈ ಬೇಕಾದದ್ದು ಮನೆಯಲ್ಲಿ ಚೆನ್ನಾಗಿ ಆಗುತ್ತದೆ.

ದೋಸೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹಿಟ್ಟಿನಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ದೋಸೆ ಅಕ್ಕಿ, ಅದರ ಕಾಲು ಭಾಗದಷ್ಟು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಇವುಗಳ ಜೊತೆಗೆ ರುಬ್ಬುವ ಹೊತ್ತಿಗೆ ನೀರಿನಲ್ಲಿ ಅದ್ದಿ ಹಿಂಡಿದ ಎರಡು ಹಿಡಿ ಮಂಡಕ್ಕಿ. ಮಂಡಕ್ಕಿ ಎಂದರೆ ಆಗಲೇ ಬೆಂದು ಅರಳಿದ ಅಕ್ಕಿ. ಅದು ಹಿಟ್ಟಿಗೆ ಸೇರಿದಾಗ ದೋಸೆಯ ಒಳಭಾಗ ಮೃದುವಾಗುತ್ತದೆ, ಮೇಲೆ ಸಣ್ಣ ಸಣ್ಣ ತೂತುಗಳು ಏಳುತ್ತವೆ, ಆ ತೂತುಗಳಲ್ಲಿ ಬೆಣ್ಣೆ ಇಳಿಯುತ್ತದೆ. ಉದ್ದು ಹೆಚ್ಚಾದರೆ ದೋಸೆ ಕಾವಲಿಗೆ ಅಂಟಿಕೊಳ್ಳುತ್ತದೆ, ಗರಿಗರಿಯಾಗುವ ಬದಲು ಚರ್ಮದ ಹಾಗೆ ನಾರಾಗುತ್ತದೆ. ಈ ಅಳತೆಯನ್ನು ಯಾರು ಬೇಕಾದರೂ ಕಲಿಯಬಹುದು. ಆದರೆ ಅದೇ ಹಿಟ್ಟನ್ನು ಹೋಟೆಲಿನ ಕಾವಲಿಯ ಮೇಲೂ ಮನೆಯ ತವೆಯ ಮೇಲೂ ಹುಯ್ದರೆ ಎರಡು ಬೇರೆ ಬೇರೆ ದೋಸೆಗಳು ಏಳುತ್ತವೆ.

ಹೋಟೆಲಿನ ಕಾವಲಿ ದಪ್ಪ ಕಬ್ಬಿಣದ್ದು, ಕೆಳಗೆ ಸೌದೆಯ ಉರಿ. ಬೆಳಗಿನಿಂದ ಕಾದ ಆ ಕಬ್ಬಿಣದಲ್ಲಿ ಎಷ್ಟು ಶಾಖ ಕೂಡಿಕೊಂಡಿರುತ್ತದೆಯೆಂದರೆ, ಸಾಲಾಗಿ ಆರೇಳು ದೋಸೆ ಹುಯ್ದರೂ ಅದು ತಣ್ಣಗಾಗುವುದಿಲ್ಲ. ಭಟ್ಟರು ನೀರು ಚಿಮುಕಿಸಿ, ಪೊರಕೆಯಿಂದ ಒಮ್ಮೆ ಎಳೆದು, ಹಿಟ್ಟು ಹುಯ್ದು ತಿರುವಿದ ಕೂಡಲೇ ತಳ ಹೊಂಬಣ್ಣಕ್ಕೆ ತಿರುಗತೊಡಗುತ್ತದೆ, ಮೇಲ್ಭಾಗ ಇನ್ನೂ ಹಬೆಯಲ್ಲಿ ಬೇಯುತ್ತಿರುತ್ತದೆ. ಮನೆಯ ನಾನ್‌ಸ್ಟಿಕ್ ತವೆಯಾಗಲಿ, ತೆಳುವಾದ ಕಬ್ಬಿಣದ ತವೆಯಾಗಲಿ, ತಣ್ಣನೆಯ ಹಿಟ್ಟು ಬಿದ್ದ ಕ್ಷಣವೇ ಅರ್ಧ ಶಾಖವನ್ನು ಕಳೆದುಕೊಳ್ಳುತ್ತದೆ. ಗ್ಯಾಸನ್ನು ಜೋರು ಮಾಡಿದರೆ ನಡುಭಾಗ ಸೀದು ಅಂಚು ಹಸಿಯಾಗಿಯೇ ಉಳಿಯುತ್ತದೆ. ಸಣ್ಣ ಮಾಡಿದರೆ ದೋಸೆ ಬೇಯುವ ಬದಲು ಒಣಗುತ್ತದೆ. ಬೀಡಿನ ತವೆ, ಅಂದರೆ ಎರಕದ ಕಬ್ಬಿಣದ ಭಾರವಾದ ತವೆ ತಂದರೆ ಈ ತೊಂದರೆ ಒಂದಿಷ್ಟು ಕಡಿಮೆಯಾಗುತ್ತದೆ. ಆದರೆ ಅದು ಕಾಯುವುದಕ್ಕೇ ಹತ್ತು ನಿಮಿಷ ಬೇಕು, ಮನೆಮಂದಿಯೆಲ್ಲ ತಿಂದು ಮುಗಿಸುವ ಹೊತ್ತಿಗೆ ಒಲೆಯ ಮುಂದೆ ನಿಂತವರ ಹಸಿವು ಇಂಗಿ ಹೋಗಿರುತ್ತದೆ.

ಬೆಣ್ಣೆಯದು ಇನ್ನೊಂದು ಕಥೆ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಹಳದಿ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಅದನ್ನು ಧಾರಾಳವಾಗಿ ಹಾಕಿದರೆ ದೋಸೆ ಉಪ್ಪುಪ್ಪಾಗುತ್ತದೆ, ಕಡಿಮೆ ಹಾಕಿದರೆ ಅದನ್ನು ಬೆಣ್ಣೆದೋಸೆ ಎಂದು ಕರೆಯುವುದೇಕೆ? ಇಲ್ಲಿ ಬೇಕಾಗಿರುವುದು ಉಪ್ಪಿಲ್ಲದ ಬಿಳಿ ಬೆಣ್ಣೆ. ಹಸಿ ಬೆಣ್ಣೆಯಲ್ಲಿ ಒಂದಷ್ಟು ನೀರಿನಂಶ ಇದ್ದೇ ಇರುತ್ತದೆ. ಕಾದ ಕಾವಲಿಯ ಮೇಲೆ ಆ ನೀರು ಚುರ್ರೆಂದು ಆರಿ, ಉಳಿದ ಹಾಲಿನಂಶ ಕೆಂಪಗೆ ಹುರಿದುಕೊಂಡು, ತುಪ್ಪದಲ್ಲೂ ಎಣ್ಣೆಯಲ್ಲೂ ಬಾರದ ಒಂದು ಘಮವನ್ನು ಕೊಡುತ್ತದೆ. ಮನೆಯ ತವೆಯ ಮೇಲೆ ಶಾಖ ಸಾಲದೆ ಬೆಣ್ಣೆ ಸುಮ್ಮನೆ ಕರಗಿ ಹಿಟ್ಟಿನೊಳಗೆ ಇಳಿದುಬಿಡುತ್ತದೆ. ದೋಸೆ ಜಿಡ್ಡಾಗುತ್ತದೆಯೇ ಹೊರತು ಘಮ ಹುಟ್ಟುವುದಿಲ್ಲ.

ಈ ದೋಸೆ ಹುಟ್ಟಿದ್ದೇ ಬೀದಿಯಲ್ಲಿ ಎಂಬುದನ್ನೂ ನೆನೆಯಬೇಕು. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿನ ನಾಟಕದ ಥಿಯೇಟರಿನ ಬಳಿ ದೋಸೆ ಮಾಡಿ ಮಾರತೊಡಗಿದರು, ಅವರ ಮಕ್ಕಳ ಕಾಲಕ್ಕೆ ಅದು ಹೋಟೆಲಾಯಿತು ಎಂದು ಊರಿನಲ್ಲಿ ಹೇಳುತ್ತಾರೆ. ಆಗಿನ ದಾವಣಗೆರೆ ಹತ್ತಿಯ ವ್ಯಾಪಾರದ ಊರು. ಮುಂದೆ ಹತ್ತಿ ಗಿರಣಿಗಳು ಎದ್ದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಪಾಳಿಯ ಕೆಲಸಕ್ಕೆ ಹೊರಟವರಿಗೆ, ನಾಟಕ ನೋಡಿ ಬಂದವರಿಗೆ, ದಲ್ಲಾಳಿ ಅಂಗಡಿಗೆ ಮಾಲು ತಂದ ರೈತರಿಗೆ ಬೇಕಾಗಿದ್ದದ್ದು ಹೊಟ್ಟೆ ತುಂಬಿಸುವ, ಬಿಸಿಬಿಸಿಯಾದ, ಕಾಯಿಸದೆ ಕೈಗೆ ಬರುವ ತಿಂಡಿ. ಆ ಒಲೆ ಆರದಂತೆ ನೋಡಿಕೊಂಡದ್ದು ಆ ಗಿರಾಕಿಗಳೇ. ನಾಲ್ಕು ಜನರ ಮನೆಯ ಒಲೆಗೆ ಆ ಭಾಗ್ಯವಿಲ್ಲ.

ಹಾಗೆಂದು ನಾವು ಮನೆಯಲ್ಲಿ ದೋಸೆಯನ್ನೇ ಮಾಡುವುದಿಲ್ಲ ಎಂದಲ್ಲ. ಹೋಟೆಲಿನ ಪಟ್ಟಿಯಲ್ಲಿ ಬೆಣ್ಣೆ ಮಸಾಲೆ, ಓಪನ್, ಖಾಲಿ ಎಂದು ಇರುವುದರಲ್ಲಿ ಖಾಲಿದೋಸೆ ಮಾತ್ರ ಮನೆಯ ಒಲೆಗೆ ಒಗ್ಗುತ್ತದೆ. ಅದು ಚಿಕ್ಕದು, ದಪ್ಪನೆಯದು, ಅವಸರವಿಲ್ಲದ್ದು; ಸಣ್ಣ ಉರಿಯ ಮೇಲೆ ಮುಚ್ಚಳ ಮುಚ್ಚಿದರೆ ತಾನಾಗಿಯೇ ಬೇಯುತ್ತದೆ. ಅದರ ಜೊತೆಗಿನ ಆಲೂಗಡ್ಡೆ ಪಲ್ಯವನ್ನಂತೂ ಹೋಟೆಲಿಗಿಂತ ಮನೆಯಲ್ಲೇ ಚೆನ್ನಾಗಿ ಮಾಡಬಹುದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅರಿಸಿನ ಹಾಕದೆ, ಸಾಸಿವೆಯ ಅಬ್ಬರವಿಲ್ಲದೆ, ಬೆಂದ ಆಲೂಗಡ್ಡೆಗೆ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಕೈಯಿಂದ ಕಿವುಚಿದ ಬೆಳ್ಳನೆಯ ಪಲ್ಯ ಅದು. ಚಟ್ನಿ ತೆಳ್ಳಗಿರಬೇಕು, ಹಸಿಮೆಣಸಿನಕಾಯಿಯ ಖಾರ ಮುಂದಿರಬೇಕು. ಇದರ ಪಕ್ಕದಲ್ಲಿ ಸಾಂಬಾರು ಇಡುವ ಹೊಸ ಪದ್ಧತಿಯೊಂದು ಹೊರ ಊರುಗಳ ದಾವಣಗೆರೆ ಬೆಣ್ಣೆದೋಸೆ ಫಲಕದ ಅಂಗಡಿಗಳಲ್ಲಿ ಕಾಣುತ್ತದೆ. ಬೆಣ್ಣೆಯ ಘಮದ ಮೇಲೆ ಹುಳಿ ಸುರಿಯುವುದಕ್ಕೆ ಇಷ್ಟು ದೂರದಿಂದ ಹೆಸರನ್ನು ಹೊತ್ತುಕೊಂಡು ಹೋಗಬೇಕಿತ್ತೇ ಎಂದು ನನಗೆ ಅನ್ನಿಸುತ್ತದೆ.

ಮನೆಯ ದೋಸೆಗೆ ಅಡ್ಡಬರುವ ಇನ್ನೊಂದು ಸಂಗತಿ ಹವೆ. ಹಿಟ್ಟು ಹುದುಗಬೇಕಾದರೆ ಅದರೊಳಗಿನ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿಯ ಆಸುಪಾಸಿನ ಬೆಚ್ಚಗಿನ ಹವೆ ಹಿತ. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಿನಲ್ಲಿ ರಾತ್ರಿ ಹತ್ತಕ್ಕೆ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆ ತುಂಬಿ ಕಟ್ಟೆಯ ಮೇಲೆ ಹರಿದು, ಮೂಗಿಗೆ ಹೊಡೆಯುವಷ್ಟು ಹುಳಿಯಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅದೇ ಹಿಟ್ಟು ಬೆಳಗ್ಗೆ ನೋಡಿದರೆ ಮಲಗಿದ್ದಲ್ಲೇ ಮಲಗಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಉಪ್ಪನ್ನು ಮೊದಲೇ ಹಾಕಿ, ತಣ್ಣೀರಿನಲ್ಲಿ ರುಬ್ಬಿ, ಒಂದು ಹದಕ್ಕೆ ಉಬ್ಬಿದ ಕೂಡಲೇ ಫ್ರಿಜ್ಜಿಗೆ ಸೇರಿಸುತ್ತೇನೆ. ಚಳಿಗಾಲದಲ್ಲಿ ಸಂಜೆ ಆರಕ್ಕೇ ರುಬ್ಬಿ, ಕೈಯಿಂದ ಚೆನ್ನಾಗಿ ಕಲಸಿ, ಹಳೆಯ ಕಂಬಳಿ ಸುತ್ತಿ ಅಕ್ಕಿಯ ಡಬ್ಬಿಯ ಮೂಲೆಯಲ್ಲಿ ಇಡುತ್ತೇನೆ. ಅಷ್ಟಾದರೂ ಮೋಡ ಮುಸುಕಿದ ದಿನ ಹಿಟ್ಟು ತನಗೆ ಬೇಕಾದ ಹಾಗೆ ನಡೆದುಕೊಳ್ಳುತ್ತದೆ. ಅಂಥ ಬೆಳಗ್ಗೆ ನಮ್ಮ ಮನೆಯಲ್ಲಿ ಮಂಡಕ್ಕಿ.

ಮಂಡಕ್ಕಿಯ ವಿಷಯಕ್ಕೆ ಬಂದರೆ, ಅದು ಅರ್ಧ ಬೀದಿಯದು, ಅರ್ಧ ಮನೆಯದು. ಭದ್ರಾ ನಾಲೆಯ ನೀರು ಬಂದ ಮೇಲೆ ದಾವಣಗೆರೆ, ಹರಿಹರದ ಸುತ್ತ ಭತ್ತದ ಗದ್ದೆಗಳು ಹಬ್ಬಿದವು, ಆ ಭತ್ತದ ಒಂದು ಪಾಲು ಊರೊಳಗಿನ ಮಂಡಕ್ಕಿ ಭಟ್ಟಿಗಳಿಗೆ ಬರುತ್ತದೆ. ಭತ್ತವನ್ನು ನೆನೆಸಿ, ಬೇಯಿಸಿ, ಹೊಟ್ಟು ಬಿಡಿಸಿ, ಉಪ್ಪುನೀರು ಹಿಡಿಸಿ ಹದವಾಗಿ ಒಣಗಿಸಿದ ಅಕ್ಕಿಯನ್ನು ಕೆಂಡದಂತೆ ಕಾದ ಮರಳಿಗೆ ಸುರಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅರಳಿ ಮೇಲೇಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಮಾಡಲು ಹೋಗಲೂಬಾರದು. ಭಟ್ಟಿಯ ಮುಂದೆ ದಿನವಿಡೀ ನಿಲ್ಲುವವರ ಬೆವರು, ಆ ಹೊಗೆ ನೋಡಿದವರಿಗೆ ಸೇರು ಮಂಡಕ್ಕಿಗೆ ಚೌಕಾಸಿ ಮಾಡುವ ಮನಸ್ಸಾಗುವುದಿಲ್ಲ.

ಮನೆಯ ಕೆಲಸ ಒಗ್ಗರಣೆಯದು. ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಬಾಡಿದ ಮೇಲೆ ಅರಿಸಿನ ಹಾಕಿ ಒಲೆಯನ್ನು ಆರಿಸಿಬಿಡಬೇಕು. ಆಮೇಲೆ ಮಂಡಕ್ಕಿ, ಹುರಿಗಡಲೆ, ಹುರಿದ ಶೇಂಗಾ. ಈರುಳ್ಳಿ, ಟೊಮ್ಯಾಟೊ, ಕೊತ್ತಂಬರಿ ಸೊಪ್ಪನ್ನು ತಟ್ಟೆಗೆ ಹಾಕುವಾಗ ಮಾತ್ರ ಬೆರೆಸಬೇಕು, ಇಲ್ಲದಿದ್ದರೆ ಅವುಗಳ ನೀರಿಗೆ ಮಂಡಕ್ಕಿ ಮೆತ್ತಗಾಗುತ್ತದೆ. ಮೆತ್ತಗಾದ ಮಂಡಕ್ಕಿಯನ್ನು ಬರಿಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿದರೆ ಮತ್ತೆ ಗರಿಗರಿಯಾಗುತ್ತದೆ. ತೋಯಿಸಿದ ಮಂಡಕ್ಕಿಯದು ಬೇರೆ ಲೆಕ್ಕ: ನೀರಿನಲ್ಲಿ ಅದ್ದಿದ ಕೂಡಲೇ ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿದರೆ ಉಳಿದ ನೀರನ್ನು ಆ ಪುಡಿ ಹೀರಿಕೊಂಡು ಕಾಳು ಕಾಳಾಗಿ ಬಿಡಿಸಿಕೊಡುತ್ತದೆ. ಜೊತೆಗೆ ಮಿರ್ಚಿ ಬೇಕೆಂದರೆ ನಾನು ಮಗನನ್ನು ಬೀದಿಯ ಕೊನೆಯ ಗಾಡಿಗೆ ಓಡಿಸುತ್ತೇನೆ. ದೊಡ್ಡ ಬಾಣಲೆಯ ತುಂಬ ಎಣ್ಣೆ ಇದ್ದರೆ ಮಿರ್ಚಿ ಬಿದ್ದರೂ ಎಣ್ಣೆಯ ಕಾವು ಇಳಿಯುವುದಿಲ್ಲ. ಮನೆಯ ಪುಟ್ಟ ಬಾಣಲೆಯಲ್ಲಿ ಮೂರು ಮಿರ್ಚಿ ಬಿದ್ದರೆ ಕಾವು ಕುಸಿದು, ಕಡಲೆಹಿಟ್ಟು ಎಣ್ಣೆ ಕುಡಿದು ಕೂರುತ್ತದೆ. ಮಿಕ್ಕ ಎಣ್ಣೆಯನ್ನು ಏನು ಮಾಡುವುದು ಎಂಬ ಚಿಂತೆ ಬೇರೆ.

ಇನ್ನು ಮನೆಯ ಪಾಲಿಗೆ ಬಂದದ್ದನ್ನು ನೋಡೋಣ. ಇಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷವಿದೆ. ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ಚಿತ್ರದುರ್ಗಕ್ಕೇ ಸೇರಿತ್ತು, ಆದರೆ ಊಟದ ತಟ್ಟೆಯಲ್ಲಿ ಗಡಿ ಅದಕ್ಕೂ ಮೊದಲೇ ಇತ್ತು. ತುಂಗಭದ್ರೆಯ ಕಡೆಗೆ, ಹರಿಹರ, ಹರಪನಹಳ್ಳಿಯತ್ತ ಹೋದಂತೆ ಜೋಳದ ರೊಟ್ಟಿ. ಹಿರಿಯೂರು, ಹೊಸದುರ್ಗದ ಕಡೆ ಇಳಿದಂತೆ ರಾಗಿ ಮುದ್ದೆ. ನಮ್ಮ ತವರು ರೊಟ್ಟಿಯ ಸೀಮೆಯದು, ಅತ್ತೆಯವರ ತವರು ಹಿರಿಯೂರಿನ ಹತ್ತಿರದ ಹಳ್ಳಿ. ಹೀಗಾಗಿ ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯೂ ರಾಗಿ ಹಿಟ್ಟಿನ ಡಬ್ಬಿಯೂ ಅಕ್ಕಪಕ್ಕದಲ್ಲಿ ಇವೆ, ಯಾವ ದಿನ ಯಾವುದು ಎಂಬ ವ್ಯಾಜ್ಯವೂ ಅವುಗಳ ಜೊತೆಗೇ ಇದೆ.

ರೊಟ್ಟಿಯ ಸುಖದುಃಖವೆಲ್ಲ ಜೋಳದ ಮೇಲೆ ನಿಂತಿದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿ ಅದರ ಪಿಷ್ಟವನ್ನು ಒಂದಿಷ್ಟು ಬೇಯಿಸಿಕೊಂಡರೆ ಮಾತ್ರ ಅದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಹಿಟ್ಟು ಹಳೆಯದಾದರೆ ಎಷ್ಟೇ ಬಿಸಿ ಎಸರು ಹಾಕಿದರೂ ಜಿಗಿ ಬರುವುದಿಲ್ಲ, ತಟ್ಟುತ್ತಿರುವಾಗಲೇ ಅಂಚು ಬಿರಿಯುತ್ತದೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಹರಿದು ಎರಡಾಗುತ್ತದೆ. ಅಂಗಡಿಯ ಪ್ಯಾಕೆಟ್ಟಿನ ಹಿಟ್ಟಿನೊಡನೆ ನಾನು ಪಟ್ಟ ಪಾಡು ಇದೇ. ಅದು ಯಾವಾಗ ಬೀಸಿದ್ದೋ ಯಾರು ಬಲ್ಲರು. ಈಗ ಹಿಂಗಾರಿನ ಬಿಳಿಜೋಳವನ್ನೇ, ಸಾಧ್ಯವಾದರೆ ಮಾಲ್ದಂಡಿ ಎಂದು ಹೆಸರಾದ ಎಂ 35-1 ತಳಿಯದನ್ನೇ ಕೊಂಡು, ಹದಿನೈದು ದಿನಕ್ಕೆ ಆಗುವಷ್ಟನ್ನು ಮಾತ್ರ ಗಿರಣಿಗೆ ಕಳಿಸುತ್ತೇನೆ. ಗಿರಣಿಯಲ್ಲಿ ಕಾಯುವುದೂ ಒಂದು ವಿದ್ಯೆ. ಯಾರಾದರೂ ಜೋಳ ಬೀಸಿಸಿದ ಹಿಂದೆಯೇ ನಮ್ಮ ಡಬ್ಬಿ ಇಡಬೇಕು. ಖಾರದ ಪುಡಿಯ ಹಿಂದೆ ಇಟ್ಟರೆ ರೊಟ್ಟಿ ತಿಂದವರು ಸೀನುತ್ತಾರೆ, ಗೋಧಿಯ ಹಿಂದೆ ಇಟ್ಟರೆ ಬಣ್ಣವೂ ರುಚಿಯೂ ಎರಡೂ ಬೆರಕೆ.

ನಮ್ಮಮ್ಮ ರೊಟ್ಟಿ ಮಾಡುವುದನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಬಿಡುವೆಂಬುದೇ ಕಾಣುವುದಿಲ್ಲ. ಎಸರು ಬಿದ್ದ ಹಿಟ್ಟನ್ನು ಚಮಚದಿಂದ ಬೆರೆಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಒಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದುಕೊಂಡು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಎಲ್ಲವನ್ನೂ ಒಟ್ಟಿಗೆ ನಾದಿಟ್ಟರೆ ಕೊನೆಯ ಉಂಡೆಗಳು ಒಣಗಿ ಬಿರಿಯುತ್ತವೆ ಎಂಬುದು ಅವರ ಖಂಡಿತವಾದ ಮಾತು. ಕೆಳಗೆ ಒಣಹಿಟ್ಟು ಉದುರಿಸಿ, ಬಲಗೈ ಬೆರಳುಗಳಿಂದ ತಟ್ಟುತ್ತಾ ಎಡಗೈಯಿಂದ ತಿರುಗಿಸುತ್ತಾ ಹೋದಂತೆ ರೊಟ್ಟಿ ತಾನೇ ದುಂಡಗೆ ಹರಡುತ್ತದೆ. ಹಂಚಿಗೆ ಹಾಕುವಾಗ ಹಿಟ್ಟು ಹತ್ತಿದ ಮುಖ ಮೇಲಿರಬೇಕು. ಒದ್ದೆ ಬಟ್ಟೆಯಿಂದ ಆ ಹಿಟ್ಟನ್ನೆಲ್ಲ ಸವರಿ ತೆಗೆದು, ನೀರಿನ ಹೊಳಪು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಮೊದಲೇ ತಿರುವಿದರೆ ಹಂಚಿಗೆ ಹಿಡಿಯುತ್ತದೆ, ತಡವಾದರೆ ಮೇಲ್ಪದರ ಬಿರಿದು ಉಬ್ಬುವುದಿಲ್ಲ. ಆಮೇಲೆ ಬಟ್ಟೆಯಿಂದ ಅಂಚನ್ನು ಒತ್ತಿದರೆ ಒಳಗಿನ ಹಬೆ ಮೇಲಿನ ಪದರವನ್ನು ಎಬ್ಬಿಸುತ್ತದೆ. ಆ ಹದವಾದ ಕ್ಷಣ ಗಡಿಯಾರದ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಲಟ್ಟಣಿಗೆಯಲ್ಲಿ ಲಟ್ಟಿಸಿದರೂ ರೊಟ್ಟಿ ಆಗುತ್ತದೆ, ಕೆಲಸಕ್ಕೆ ಹೋಗುವ ದಿನ ನಾನೂ ಲಟ್ಟಿಸುತ್ತೇನೆ, ಆದರೆ ತಟ್ಟಿದ ರೊಟ್ಟಿಯ ಮೃದುತ್ವ ಅದಕ್ಕೆ ಬರುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮುದ್ದೆ ನೋಡುವುದಕ್ಕೆ ರೊಟ್ಟಿಗಿಂತ ಸುಲಭ, ಮಾಡುವುದಕ್ಕೆ ಅಲ್ಲ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರಿಟ್ಟು, ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲು ಹಾಕಿ, ಅದು ಗಂಜಿಯ ಹದಕ್ಕೆ ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಅಲ್ಲಿಂದ ಮುಂದಿನ ಐದಾರು ನಿಮಿಷ ಕೋಲು ಮುಟ್ಟಬಾರದು. ನನಗೆ ಬಹಳ ಕಷ್ಟವಾದದ್ದು ಈ ಸುಮ್ಮನಿರುವಿಕೆಯೇ. "ಹಿಟ್ಟು ಬೇಯ್ಲಿ ತಡಿಯವ್ವಾ, ಈಗ್ಲೇ ಕೋಲು ಹಾಕಿದ್ರೆ ಗಂಟು ಕಣ್ಣು ಬಿಡ್ತಾವೆ," ಎಂದು ಅತ್ತೆಯವರು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ಕಾರಣ ಸರಳವಾದದ್ದು: ಗುಡ್ಡೆಯ ಸುತ್ತ ನೀರು ಕುದಿದು ಹಬೆ ಒಳಹೊಕ್ಕು ಹಿಟ್ಟು ಬೆಂದಿದ್ದರೆ ತೊಳಸಿದಾಗ ಒಂದಾಗುತ್ತದೆ; ಹಸಿ ಹಿಟ್ಟಿಗೆ ನೀರು ತಾಗಿದರೆ ಹೊರಗೆ ಬೆಂದು ಒಳಗೆ ಒಣಗಿದ ಗಂಟಾಗುತ್ತದೆ, ಆ ಗಂಟು ಮತ್ತೆ ಕರಗುವುದಿಲ್ಲ. ತೊಳಸುವಾಗ ಪಾತ್ರೆಯನ್ನು ಕಾಲಿನ ನಡುವೆ ಒತ್ತಿ ಹಿಡಿದು ಭುಜದ ಬಲವನ್ನೆಲ್ಲ ಕೋಲಿಗೆ ಇಳಿಸಬೇಕು. ಆಮೇಲೆ ಮತ್ತೆರಡು ನಿಮಿಷ ಸಣ್ಣ ಉರಿಯ ಮೇಲೆ ಮುಚ್ಚಿಟ್ಟು, ಒದ್ದೆ ಕೈಯಲ್ಲಿ ಕಟ್ಟಬೇಕು. ಬೆಂದ ಮುದ್ದೆಯ ಗುರುತು ಎಂದರೆ ಒದ್ದೆ ಬೆರಳಿಗೆ ಅಂಟುವುದಿಲ್ಲ. ಹಿರಿಯೂರಿನ ಕಡೆಯವರು ಹಿಡಿಯಷ್ಟು ಅಕ್ಕಿಯನ್ನು ಎಸರಿನಲ್ಲಿ ಮೊದಲೇ ಬೇಯಿಸಿಕೊಳ್ಳುವುದೂ ಉಂಟು, ನುಂಗುವುದಕ್ಕೆ ನಯವಾಗುತ್ತದೆ. ನಮ್ಮ ಮನೆಯವರಿಗೆ ಅದು ಬೇಕು, ಅತ್ತೆಯವರಿಗೆ ಅಕ್ಕಿ ಸೇರಿದ್ದು ಮುದ್ದೆಯೇ ಅಲ್ಲ.

ಮುದ್ದೆಯ ಪಕ್ಕಕ್ಕೆ ಹುರುಳಿಕಾಳಿನ ಬಸ್ಸಾರು ಆದರೆ ಆ ದಿನ ಅನ್ನಕ್ಕೆ ಕೆಲಸವಿಲ್ಲ. ನೆನೆಸಿ ಬೇಯಿಸಿದ ಹುರುಳಿಯ ಕಟ್ಟು ಬಸಿದುಕೊಂಡು, ಕಾಳಿನಲ್ಲಿ ಒಂದು ಹಿಡಿಯನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಹುಣಸೆಹುಳಿಯ ಜೊತೆ ರುಬ್ಬಿ ಕುದಿಸಿದರೆ ಸಾರು, ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮಳೆ ಕಡಿಮೆಯಾದ ಸೀಮೆಯಲ್ಲಿ ಒಂದೇ ಕಾಳಿನಿಂದ ಎರಡು ಅಡುಗೆ ತೆಗೆಯುವ ಈ ಜಾಣತನವನ್ನು ನಾನು ಯಾವ ಹೋಟೆಲಿನಲ್ಲೂ ಇಷ್ಟು ಚೆನ್ನಾಗಿ ಕಂಡಿಲ್ಲ.

ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು, ನಮ್ಮ ಕಡೆಯ ಒಗ್ಗರಣೆಯ ವಾಸನೆಯೇ ಆ ಎಣ್ಣೆಯದು. ಎಣ್ಣೆಗಾಯಿ ಬದನೆಕಾಯಿಗೂ ಅದೇ ಆಗಬೇಕು. ಎಳೆಯ, ಮುಳ್ಳು ತೊಟ್ಟಿನ ಪುಟ್ಟ ಬದನೆಕಾಯಿಗಳನ್ನು ತೊಟ್ಟು ಬಿಡದೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಹುಣಸೆ, ಬೆಲ್ಲದ ಮಸಾಲೆ ತುಂಬಿ, ಎಣ್ಣೆಯಲ್ಲಿ ಮೊದಲು ಬಾಡಿಸಿ ಆಮೇಲೆ ನೀರು ಹಾಕಬೇಕು. ಹೋಟೆಲುಗಳಲ್ಲಿ ಬದನೆಕಾಯಿಯನ್ನು ಬೇರೆ ಕರಿದು ಮಸಾಲೆಯನ್ನು ಬೇರೆ ಕುದಿಸಿ ಗಿರಾಕಿ ಬಂದಾಗ ಕೂಡಿಸಿ ಕೊಡುತ್ತಾರೆ, ಆದ್ದರಿಂದ ಅಲ್ಲಿ ಕಾಯಿಯ ಒಳಗೆ ಮಸಾಲೆ ಇಳಿದಿರುವುದಿಲ್ಲ. ಎಣ್ಣೆ ಬಿಟ್ಟುಕೊಳ್ಳುವವರೆಗೆ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕಾಯುವುದು ಮನೆಯವರಿಂದ ಮಾತ್ರ ಆಗುವ ಕೆಲಸ. ಶೇಂಗಾ ಚಟ್ನಿಯದೂ ಹಾಗೆಯೇ. ಮಿಕ್ಸಿಯಲ್ಲಿ ಎಡೆಬಿಡದೆ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಶೇಂಗಾ ಎಣ್ಣೆ ಬಿಟ್ಟು ಪುಡಿ ಹೋಗಿ ಮುದ್ದೆಯಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಇಲ್ಲವೇ ಒರಳಿನಲ್ಲಿ ಕುಟ್ಟಬೇಕು. ಕುಟ್ಟಿದ್ದರಲ್ಲಿ ಬೆಳ್ಳುಳ್ಳಿ ಅಲ್ಲಲ್ಲಿ ಹಲ್ಲಿಗೆ ಸಿಗುತ್ತದೆ, ನನಗೆ ಅದೇ ಇಷ್ಟ.

ಯುಗಾದಿಯ ಹೋಳಿಗೆ, ನಾಗರ ಪಂಚಮಿಯ ಉಂಡೆಗಳು, ದೀಪಾವಳಿಯ ಕರ್ಜಿಕಾಯಿ ಇವೆಲ್ಲ ಮನೆಯವೇ, ಆದರೆ ಸಿಹಿಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲವಾದ್ದರಿಂದ ಅವುಗಳ ಬಗ್ಗೆ ಹೆಚ್ಚು ಬರೆಯಲಾರೆ. ಹೂರಣ ತೆಳ್ಳಗಾದ ದಿನ ಅದಕ್ಕೆ ಹುರಿಗಡಲೆ ಪುಡಿ ಬೆರೆಸಿದರೆ ಗಟ್ಟಿಯಾಗುತ್ತದೆ ಎಂಬ ಒಂದು ಉಪಾಯವನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ನನ್ನ ಈ ಹಂಚಿಕೆಗೆ ಈಗೀಗ ಒಂದು ಅಪವಾದ ಎದುರಾಗಿದೆ. ರೊಟ್ಟಿಯೂ ಬೀದಿಗೆ ಬಂದಿದೆ. ನಮ್ಮ ಬಡಾವಣೆಯಲ್ಲೇ ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ, ಕಟಕ್ ರೊಟ್ಟಿಯ ಕಟ್ಟುಗಳು ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ವಾರದ ನಡುವೆ ನಾನೂ ಕೊಳ್ಳುತ್ತೇನೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಷ್ಟು ತೆಳ್ಳಗೆ, ಅಷ್ಟು ಒಂದೇ ಸಮನಾಗಿ ನನ್ನ ಕೈಯಿಂದ ಆಗುವುದೂ ಇಲ್ಲ, ಮೊಸರು, ಶೇಂಗಾ ಚಟ್ನಿ, ಹಸಿ ಈರುಳ್ಳಿಯ ಜೊತೆ ಅದು ಪೂರ್ತಿ ಊಟವೇ ಆಗುತ್ತದೆ. ಒಣಗಿದ ರೊಟ್ಟಿ ದಿನಗಟ್ಟಲೆ ಕೆಡದೆ ಇರುವುದರಿಂದ ಅದನ್ನು ಮಾರಬಹುದು. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಮಾರಲಾಗುವುದಿಲ್ಲ, ಅದರಿಂದ ಆಗುವ ಮುಟಿಗೆಯನ್ನಂತೂ ಯಾರೂ ಮಾರಲಾರರು. ಮುಟಿಗೆಗೆ ರೊಟ್ಟಿ ಕೊಂಚ ದಪ್ಪವಿರಬೇಕು, ಬೆಂದ ಕೂಡಲೇ ಮುರಿದು ಒರಳಿಗೆ ಹಾಕಬೇಕು. ಅಷ್ಟರಲ್ಲಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಜಜ್ಜಿ ಸಿದ್ಧವಾಗಿರಬೇಕು. ಎರಡು ಚಮಚ ಶೇಂಗಾ ಎಣ್ಣೆ ಹಾಕಿ ಕುಟ್ಟಿ, ಕೈ ಸುಡುತ್ತಿರುವಾಗಲೇ ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಕೊಟ್ಟರೆ ಹಾಗೆಯೇ ತಿನ್ನಬೇಕು. ಹತ್ತು ನಿಮಿಷ ಬಿಟ್ಟರೆ ಅದು ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಮುಟಿಗೆಯ ದಿನ ಎಲ್ಲರೂ ತಟ್ಟೆ ಹಿಡಿದುಕೊಂಡು ಅಡುಗೆಮನೆಗೇ ಬರಬೇಕೆಂದು ನಾನು ಮೊದಲೇ ಹೇಳಿಬಿಟ್ಟಿರುತ್ತೇನೆ; ಮೊಬೈಲು ನೋಡುತ್ತಾ ಹೊರಗೆ ಕುಳಿತವರಿಗೆ ಕಟಕ್ ರೊಟ್ಟಿಯೇ ಗತಿ.